ಡ್ರಾಯಿಂಗ್ ಪುಸ್ತಕ ಅಟ್ಟ ಸೇರುವ ವಯಸ್ಸು

ಮಾಗಡಿ ಸೀಮೆಯಲ್ಲಿ ಸೊಗಡಿನ ಅವರೆಕಾಯಿಯ ಕಾಲ ಮುಗಿಯುತ್ತ ಬಂತೆಂದರೆ ದ್ವಿತೀಯ ಪಿಯು ಓದುವ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ದನಿ ತಗ್ಗುತ್ತದೆ. ಪೂರ್ವಸಿದ್ಧತಾ ಪರೀಕ್ಷೆ, ಪ್ರಾಕ್ಟಿಕಲ್ಸು, ಅದಾದ ಮೇಲೆ ಬೋರ್ಡ್ ಪರೀಕ್ಷೆ, ಅದರ ಬೆನ್ನಿಗೇ ಸಿಇಟಿ. ಕುದೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿ. ಮಾಗಡಿ ಕಡೆಗೆ, ಸೋಲೂರಿನ ಕಡೆಗೆ, ತುಮಕೂರಿನ ಕಡೆಗೆ ಹೊರಟ ಹುಡುಗ ಹುಡುಗಿಯರು ಬಸ್ಸು ಹತ್ತುವಾಗಲೂ ನೋಟ್ಸಿನಿಂದ ಕಣ್ಣು ತೆಗೆಯುವುದಿಲ್ಲ. ಭೈರವನದುರ್ಗದ ಬೆಟ್ಟ ಅವರ ಬೆನ್ನ ಹಿಂದೆಯೇ ಇರುತ್ತದೆ. ತಿರುಗಿ ನೋಡಲು ಅವರಿಗೆ ಪುರಸೊತ್ತಿಲ್ಲ.

ಇದೇ ದಿನಗಳಲ್ಲಿ ಮನೆಯೊಳಗೆ ಇನ್ನೂ ಒಂದು ಕೆಲಸ ನಡೆದುಹೋಗುತ್ತದೆ. ಡ್ರಾಯಿಂಗ್ ಪುಸ್ತಕ, ಬಣ್ಣದ ಡಬ್ಬಿ, ಗೆಜ್ಜೆ, ಹಾಡು ಬರೆದಿಟ್ಟುಕೊಂಡ ನೋಟ್‌ಬುಕ್ಕು, ಯಾವತ್ತೋ ಬಹುಮಾನವಾಗಿ ಬಂದ ಕೊಳಲು, ಇವೆಲ್ಲ ಅಟ್ಟ ಸೇರುತ್ತವೆ. ಯಾರೂ ಬೈದು ಕಿತ್ತುಕೊಳ್ಳುವುದಿಲ್ಲ. ಪ್ರೀತಿಯಿಂದಲೇ ಎತ್ತಿಡುತ್ತಾರೆ. ‘ಇದೊಂದು ವರ್ಷ ಮುಗೀಲಿ ಕಂದಾ, ಆಮೇಲೆ ಎಷ್ಟ್ ಬೇಕಾದ್ರೂ ಬರ್ಕೊಳ್ಳುವಂತೆ’ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ಈ ಮಾತು ಕೇಳಿದ ಮಗು ದ್ವಿತೀಯ ಪಿಯುನಲ್ಲಿ ಎರಡನೆಯ ಸಲ ಕೇಳುತ್ತದೆ. ಡಿಗ್ರಿಯಲ್ಲಿ, ಕೆಲಸ ಹುಡುಕುವಾಗ, ಮದುವೆಯಾದ ಮೇಲೆ ಮತ್ತೆ ಮತ್ತೆ ಕೇಳುತ್ತದೆ. ಒಂದು ಹಂತದಲ್ಲಿ ಹೇಳುವವರೇ ಬೇಕಾಗುವುದಿಲ್ಲ, ತನಗೆ ತಾನೇ ಹೇಳಿಕೊಳ್ಳುತ್ತದೆ.

ನಮ್ಮ ಬೀದಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಾಳೆ. ಹೈಸ್ಕೂಲಿನಲ್ಲಿ ನನ್ನ ಕನ್ನಡದ ತರಗತಿಯಲ್ಲಿ ಕೂತವಳು. ಪಾಠ ನಡೆಯುವಾಗ ಪುಸ್ತಕದ ಅಂಚಿನಲ್ಲಿ ಏನಾದರೊಂದು ಗೀಚುತ್ತಿದ್ದಳು. ಪಾಠವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಹಾಗಾಗಿ ನಾನು ತಡೆದವಳಲ್ಲ. ಈಗ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯು. ಮೊನ್ನೆ ಹಾಲಿನ ಡೈರಿಯ ಹತ್ತಿರ ಸಿಕ್ಕಾಗ ಚಿತ್ರ ಬರೆಯುತ್ತಿದ್ದೀಯಾ ಎಂದೆ. ‘ಎಲ್ಲಿ ಮಿಸ್, ಈ ವರ್ಷ ಬುಟ್ಟಿದೀನಿ’ ಎಂದಳು. ಎರಡು ಹೆಜ್ಜೆ ಹೋದವಳು ನಿಂತು, ‘ದೊಡ್ಡೋರಾಗದು ಅಂದ್ರೆ ಒಂದೊಂದೇ ಬುಟ್ಕೊಂಡ್ ಹೋಗದಾ ಮಿಸ್?’ ಎಂದು ಕೇಳಿದಳು. ಕೊರಗಿನ ದನಿಯಲ್ಲಿ ಕೇಳಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಹದಿನೇಳರಲ್ಲಿ ಮಕ್ಕಳು ಇಂಥ ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳುತ್ತಾರೆ. ಇಪ್ಪತ್ತೈದಾದ ಮೇಲೆ ಯಾರೂ ಕೇಳುವುದಿಲ್ಲ. ಅದಕ್ಕೇ ಉತ್ತರವನ್ನು ಹೇಗಾದರೂ ಹುಡುಕಿ ಕೊಡಬೇಕು ಅನ್ನಿಸಿತು.

ಉತ್ತರಕ್ಕಾಗಿ ಪುಸ್ತಕ ತೆಗೆಯುವ ಮೊದಲು ನಮ್ಮೂರ ಸುತ್ತಮುತ್ತಲೇ ನೋಡೋಣ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಹಳ್ಳಿಯ ದೇವಸ್ಥಾನದ ಮುಂದೆ ರಾತ್ರಿ ಎಂಟು ಗಂಟೆಗೆ ಹೋದರೆ ಹಾರ್ಮೋನಿಯಂ ದನಿ ಕೇಳುತ್ತದೆ. ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ನಾಟಕ ಕಟ್ಟುತ್ತಿರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಮಧ್ಯದಲ್ಲಿ ಕೂತಿರುತ್ತಾರೆ. ಸುತ್ತ ನಲವತ್ತು, ಐವತ್ತು ದಾಟಿದ ಗಂಡಸರು. ಹಗಲಲ್ಲಿ ಟ್ರ್ಯಾಕ್ಟರ್ ಓಡಿಸುವವನು ಇಲ್ಲಿ ಭೀಮ. ರೇಷ್ಮೆಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹೋಗಿ ಬಂದವನು ಇಲ್ಲಿ ಶಕುನಿ. ಪಾತ್ರಕ್ಕೆ ಇಷ್ಟು ಎಂದು ಹಣ ಹಾಕಬೇಕು. ಕೃಷ್ಣ, ದುರ್ಯೋಧನರ ಪಾತ್ರ ಬೇಕೆಂದರೆ ಹೆಚ್ಚು ಹಾಕಬೇಕು. ಆ ಹಣ ಡ್ರೆಸ್ಸಿನವರಿಗೆ, ಸೀನರಿಯವರಿಗೆ, ವಾದ್ಯದವರಿಗೆ ಹೋಗುತ್ತದೆ. ದುಡಿದು, ಮೇಲೆ ದುಡ್ಡನ್ನೂ ಕೊಟ್ಟು, ತಿಂಗಳುಗಟ್ಟಲೆ ನಿದ್ದೆ ಕೆಟ್ಟು, ಕಡೆಗೆ ಒಂದೇ ಒಂದು ರಾತ್ರಿ ಬೆಳಗಾಗುವವರೆಗೆ ಆಡುತ್ತಾರೆ. ಶಾಲೆಯಲ್ಲಿ ಒಂದು ಪದ್ಯ ಬಾಯಿಪಾಠ ಮಾಡಲು ಒದ್ದಾಡಿದವರು ಇಲ್ಲಿ ಕಂದಪದ್ಯಗಳನ್ನು ಪುಟಗಟ್ಟಲೆ ಕಂಠಸ್ಥ ಮಾಡಿ, ರಾಗ ತಪ್ಪದಂತೆ ಏರುದನಿಯಲ್ಲಿ ಹಾಡುತ್ತಾರೆ.

ಇವರ್‍ಯಾರನ್ನೂ ಬೆಳೆಯದವರು ಎನ್ನಲಾಗದು. ಸಾಲ ತೀರಿಸಿದ್ದಾರೆ, ತಂಗಿಯರ ಮದುವೆ ಮಾಡಿದ್ದಾರೆ, ಭಾಗವಾದ ಜಮೀನಿನಲ್ಲಿ ಸಂಸಾರ ಎಳೆದಿದ್ದಾರೆ. ಮೇಷ್ಟ್ರು ‘ಇನ್ನೊಂದ್ ಸಲ’ ಎಂದಾಗ ಕೈಕಟ್ಟಿ ನಿಂತು ಮೊದಲಿನಿಂದ ಹಾಡುತ್ತಾರೆ. ಬೆಳೆದ ಮೇಲೂ ಕಲೆ ಉಳಿಯುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಆದರೆ ಅವರೊಂದಿಗೆ ಕೂತು ಮಾತಾಡಿದರೆ ಇನ್ನೊಂದು ಮಾತೂ ಬರುತ್ತದೆ. ‘ಹುಡುಗ್ರಾಗಿದ್ದಾಗ್ಲೇ ಶುರು ಮಾಡ್ಬೇಕಿತ್ತು ಮೇಡಮ್ನೋರೆ, ಗಂಟ್ಲು ಈಗ ಕೇಳಲ್ಲ’ ಎನ್ನುತ್ತಾರೆ. ನಡುವೆ ಮೂವತ್ತು ವರ್ಷ ಬಿಟ್ಟುಹೋಗಿರುತ್ತದೆ. ತಿರುಗಿ ಬಂದವರನ್ನು ನಾವು ರಂಗದ ಮೇಲೆ ಕಾಣುತ್ತೇವೆ. ಬಾರದೆ ಉಳಿದವರು ಕಾಣುವುದಿಲ್ಲ. ಅವರೇ ಹೆಚ್ಚು.

ಇನ್ನೊಂದನ್ನು ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ. ಈ ರಂಗದ ಮೇಲೆ ದ್ರೌಪದಿ, ಕುಂತಿಯರಾಗಿ ಬರುವವರು ಹೊರಗಿನಿಂದ ಹಣ ಕೊಟ್ಟು ಕರೆಸಿದ ಕಲಾವಿದೆಯರು. ಊರಿನ ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು ನೋಡುತ್ತಾರೆ. ಇತ್ತೀಚೆಗೆ ಹೆಂಗಸರೇ ಸೇರಿ ಭೀಮ, ದುರ್ಯೋಧನರಾಗಿ ಆಡುವ ತಂಡಗಳು ಅಲ್ಲಲ್ಲಿ ಹುಟ್ಟಿವೆ. ಅವರ ನಾಟಕವನ್ನು ಕಂಡವರು ಮರೆಯುವುದಿಲ್ಲ. ಆದರೆ ನಮ್ಮ ಬೀದಿಯ ಹುಡುಗಿಗೆ ಮೂವತ್ತು ವರ್ಷದ ನಂತರ ಮರಳಿ ಬರುವ ದಾರಿ ಅವಳ ಅಣ್ಣನಿಗಿರುವಷ್ಟು ಸಲೀಸಾಗಿಲ್ಲ. ಆಕೆಯ ಪುಸ್ತಕ ಅಟ್ಟ ಸೇರಿದರೆ ಇಳಿಸುವವರು ಯಾರು? ಹುಡುಗರ ವಿಷಯದಲ್ಲಿ ‘ಆಮೇಲೆ’ ಎಂಬುದು ವಾಯಿದೆ. ಹುಡುಗಿಯರ ವಿಷಯದಲ್ಲಿ ಅದು ಬಹಳಷ್ಟು ಸಲ ತೀರ್ಪೇ ಆಗಿಬಿಡುತ್ತದೆ.

ಹಾಗಾದರೆ ಹುಡುಗಿ ಕೇಳಿದ ಆ ಪ್ರಶ್ನೆಗೆ ಹೆಣ್ಣೊಬ್ಬಳು ಕೊಟ್ಟ ಉತ್ತರ ನಮ್ಮಲ್ಲಿ ಇಲ್ಲವೇ? ಇದೆ. ನಾಲ್ಕು ಕಿಲೋಮೀಟರ್ ಉದ್ದ ಇದೆ. ಕುದೂರಿನಿಂದ ಹುಲಿಕಲ್ಲಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ನೆಟ್ಟು ಬೆಳೆಸಿದ 385 ಆಲದ ಮರಗಳು. ಗುಬ್ಬಿ ಕಡೆಯಿಂದ ಹುಲಿಕಲ್ಲಿಗೆ ಸೊಸೆಯಾಗಿ ಬಂದ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದವರು. ಮಕ್ಕಳಾಗಲಿಲ್ಲ. ಮಕ್ಕಳಾಗದ ಹೆಣ್ಣಿಗೆ ಹಳ್ಳಿ ಏನೇನು ಹೇಳುತ್ತದೆ ಎಂಬುದನ್ನು ಬಿಡಿಸಿ ಬರೆಯಬೇಕಾಗಿಲ್ಲ. ಗಂಡ ಹೆಂಡತಿ ಸೇರಿ ಆಲದ ಸಸಿ ಮಾಡಿ ನೆಡಲು ಶುರುಮಾಡಿದರು. ಮೊದಲ ವರ್ಷ 10, ಮರುವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲಕ್ಕೆ ಸರಿಯಾಗಿ ನೆಟ್ಟು, ದನ ಮೇಯದಂತೆ ಸುತ್ತ ಮುಳ್ಳು ಕಟ್ಟಿ, ಮಳೆ ಕೈಕೊಟ್ಟಾಗ ಮೈಲುಗಟ್ಟಲೆ ನೀರು ಹೊತ್ತರು. ಹೊಟ್ಟೆಪಾಡಿನ ಕೂಲಿ ಅದರ ಜೊತೆಗೇ ನಡೆಯುತ್ತಿತ್ತು.

ಪರಿಸರದ ಪಾಠದಲ್ಲಿ ಅವರ ಹೆಸರು ಬಂದಾಗ ನಾವು ಮಕ್ಕಳಿಗೆ ನೆರಳು, ಆಮ್ಲಜನಕ, ಅಂತರ್ಜಲ ಎಂದು ಬರೆಸುತ್ತೇವೆ. ಬರೆಸಬೇಕಾದದ್ದೇ. ನನಗೆ ಮಾತ್ರ ಅದು ಮೊದಲಿಗೆ ಒಂದು ಕಲಾಕೃತಿಯಾಗಿ ಕಾಣುತ್ತದೆ. ಯಾರೂ ಕೇಳದೆ ಇದ್ದಾಗ, ಕೂಲಿ ಕೊಡುವವರು ಯಾರೂ ಇಲ್ಲದಾಗ, ಮುಗಿದ ರೂಪ ಹೇಗಿರುತ್ತದೆ ಎಂದು ಮನಸ್ಸಿನಲ್ಲಷ್ಟೇ ಕಂಡುಕೊಂಡು, ಎಷ್ಟು ದೂರಕ್ಕೊಂದು ಗುಂಡಿ ಎಂದು ಲೆಕ್ಕ ಹಾಕಿ, ದಿನವೂ ಕೈ ಹಚ್ಚಿ ಮಾಡಿದ್ದು. ಚಿತ್ರಕಾರರೂ ಶಿಲ್ಪಿಗಳೂ ಮಾಡುವುದು ಇದನ್ನೇ ಅಲ್ಲವೇ? ತಮ್ಮ ಬಾಳಿನಲ್ಲಿ ತುಂಬದೆ ಉಳಿದ ಜಾಗದಿಂದ ಅವರು ಇನ್ನೊಬ್ಬರು ನಡೆದಾಡುವ ಜಾಗವನ್ನು ಮಾಡಿದರು. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನವರಿಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರಲ್ಲಿ. ಗಂಡ ಅದನ್ನು ನೋಡಲಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ 2010ರಲ್ಲಿ, ಪದ್ಮಶ್ರೀ 2019ರಲ್ಲಿ. ಅದೇ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಈ ಮರಗಳು ಬಲಿಯಾಗುವ ಹಾಗಾದಾಗ, ನೂರು ದಾಟಿದ್ದ ಆಕೆ ಮುಖ್ಯಮಂತ್ರಿಯವರೆಗೆ ಹೋಗಿ ಉಳಿಸಿಕೊಡಿ ಎಂದು ಕೇಳಿದರು. ಸರ್ಕಾರ ಬೇರೆ ದಾರಿ ನೋಡಲು ಒಪ್ಪಿತು. ನೆಡುವುದರಷ್ಟೇ ಕಾಯುವುದೂ ಕೆಲಸ ಎಂದು ಆ ಮುದುಕಿಗೆ ಗೊತ್ತಿತ್ತು. 2025ರ ನವೆಂಬರ್ 14ರಂದು, 114ರ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಪ್ರಶಸ್ತಿಗಳ ಈ ವರ್ಷಗಳನ್ನು ಜೋಡಿಸಿ ನೋಡಿದರೆ ಹದಿನೇಳರ ಮಗುವಿಗೆ ಹೇಳಬೇಕಾದ ಒಂದು ಸಂಗತಿ ಸಿಗುತ್ತದೆ. ಮರಗಳಿಗೆ ನೀರು ಸಿಕ್ಕ ಎಷ್ಟೋ ದಶಕಗಳ ಮೇಲೆ ಲೋಕದ ಕಣ್ಣು ಅವುಗಳ ಮೇಲೆ ಬಿತ್ತು. ಇದು ತಿರುವುಮುರುವಾಗಿದ್ದರೆ, ಅಂದರೆ ಮೊದಲು ಹೊಗಳಿಕೆ, ಆಮೇಲೆ ನೀರು ಎಂದಿದ್ದರೆ, ಆ ರಸ್ತೆಯಲ್ಲಿ ಒಂದು ಮರವೂ ಇರುತ್ತಿರಲಿಲ್ಲ. ಇಂದಿನ ಮಕ್ಕಳು ಚಿತ್ರ ಬರೆದು ಮುಗಿಸುವ ಮೊದಲೇ ಅದರ ಫೋಟೋ ಸ್ಟೇಟಸ್ಸಿಗೆ ಹೋಗಿರುತ್ತದೆ. ಎಷ್ಟು ಜನ ನೋಡಿದರು ಎಂದು ಎಣಿಸುತ್ತ ಕೂರುತ್ತಾರೆ. ಯಾರೂ ನೋಡದಿದ್ದರೆ ತಮ್ಮ ಚಿತ್ರ ಚೆನ್ನಾಗಿಲ್ಲ ಎಂದುಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. ನೋಡುವವರ ಎಣಿಕೆಯನ್ನು ಅಂಗೈಯಲ್ಲೇ ಕೊಟ್ಟು ಕೂರಿಸಿದ್ದೇವೆ, ಎಣಿಸದೆ ಇರು ಎಂದರೆ ಹೇಗೆ?

ಆ ಮರಗಳನ್ನೇ ಬರೆದುಕೊಂಡು ಬಾ ಎಂದು ನಾನು ಹುಡುಗಿಗೆ ಹೇಳಿದೆ. ಒಂದು ಭಾನುವಾರ, ಒಂದೇ ಗಂಟೆ. ಮನೆಯವರೂ ಒಪ್ಪಿದರು. ಪ್ಯಾಡು, ಪೆನ್ಸಿಲ್ಲು, ರಬ್ಬರು ಇಷ್ಟೇ ಹಿಡಿದು ತಮ್ಮನ ಜೊತೆ ಹೋದವಳು ಗಂಟೆಯಲ್ಲಿ ಕಾಲು ಮರವನ್ನೂ ಬರೆದು ಮುಗಿಸಿರಲಿಲ್ಲ. ಚಿಕ್ಕಂದಿನಲ್ಲಿ ಎಲ್ಲ ಮಕ್ಕಳೂ ಮರ ಬರೆಯುತ್ತಾರೆ. ಕಂದು ಬಣ್ಣದ ಎರಡು ಗೀಟು, ಮೇಲೆ ಹಸಿರು ಮೋಡ. ಆಲದ ಮರದ ಮುಂದೆ ಅದು ನಡೆಯುವುದಿಲ್ಲ. ಕಾಂಡ ಯಾವುದು, ಬಿಳಲು ಯಾವುದು ಎಂದೇ ಮೊದಲು ತಿಳಿಯಬೇಕು. ಬಿಳಲುಗಳು ಇಳಿದು ಒಂದಕ್ಕೊಂದು ಬೆಸೆದುಕೊಂಡು ಕಾಂಡವೇ ಆಗಿಬಿಟ್ಟಿರುತ್ತವೆ. ಒಳಗಿನ ನೆರಳನ್ನು ಕಪ್ಪಾಗಿ ತುಂಬಿದರೆ ಗುಹೆಯ ಹಾಗೆ ಕಾಣುತ್ತದೆ, ತುಂಬದಿದ್ದರೆ ಕಾಗದ ಬಿಳಿಚಿಕೊಂಡಿರುತ್ತದೆ. ಎಲ್ಲಿ ಪೆನ್ಸಿಲ್ಲು ಒತ್ತಬೇಕು, ಎಲ್ಲಿ ಸುಮ್ಮನೆ ಸವರಬೇಕು, ಎಲ್ಲಿ ಕಾಗದವನ್ನು ಮುಟ್ಟದೆ ಬಿಡಬೇಕು ಎಂಬುದು ನೋಡಿ ನೋಡಿಯೇ ಬರಬೇಕು.

ಬಂದು ಹೇಳಿದಳು: ‘ಎಲ್ಲಾ ಮರನೂ ಒಂದೇ ಸಮ ಇಲ್ಲ ಮಿಸ್. ನಾನು ದಿನಾ ಬಸ್ಸಲ್ಲಿ ಹೋಗ್ತಾ ಒಂದೇ ಥರ ಅಂದ್ಕಂಡಿದ್ದೆ.’ ಕರೆಂಟಿನ ತಂತಿಗಾಗಿ ಒಂದು ಮಗ್ಗುಲು ಕಡಿಸಿಕೊಂಡ ಮರವನ್ನೇ ಆರಿಸಿಕೊಂಡಿದ್ದಳು. ಕಡಿದ ಕಡೆಯ ಭಾರ ಹೋಗಿ ಮರ ಇನ್ನೊಂದು ಕಡೆಗೆ ಹೇಗೆ ತೂಕ ಹಾಕಿ ನಿಂತಿದೆ ಎಂಬುದನ್ನು ಆ ಅರೆಬರೆ ಗೀಟುಗಳಲ್ಲೇ ಹಿಡಿದಿದ್ದಳು. ಹತ್ತನೇ ತರಗತಿಯಲ್ಲಿ ಆಕೆ ಬರೆಯುತ್ತಿದ್ದ ಚಿತ್ರಗಳಲ್ಲಿ ಇದಿರಲಿಲ್ಲ. ಆಗ ಕೈ ಚುರುಕಾಗಿತ್ತು, ನೋಡುವುದು ಕಡಿಮೆಯಿತ್ತು. ಈಗ ಬಿಟ್ಟದ್ದರಿಂದ ಕೈ ಸ್ವಲ್ಪ ತಡವರಿಸುತ್ತಿದೆ, ಆದರೆ ಕಣ್ಣು ದೊಡ್ಡದಾಗಿದೆ. ದೊಡ್ಡವರಾಗುವುದೆಂದರೆ ಬಿಡುವುದು ಮಾತ್ರ ಎಂದು ಆಕೆ ತಿಳಿದಿದ್ದಾಳಲ್ಲ, ಬಂದು ಸೇರಿಕೊಂಡದ್ದು ಆಕೆಗೆ ಕಾಣಿಸಿಯೇ ಇಲ್ಲ. ತಾತ ತೀರಿಹೋದದ್ದು, ಅಪ್ಪನ ಜಮೀನು ಭಾಗವಾದದ್ದು, ಗೆಳತಿಯೊಬ್ಬಳ ಓದು ನಿಂತದ್ದು, ಎಲ್ಲವೂ ಆ ಕಡಿಸಿಕೊಂಡ ಮರವನ್ನೇ ಆರಿಸಿಕೊಳ್ಳುವಂತೆ ಮಾಡಿವೆ ಎಂದು ನನ್ನ ನಂಬಿಕೆ. ಬಾಳು ಕೊಟ್ಟದ್ದನ್ನು ಕೈ ಹಿಡಿಯಬೇಕಾದರೆ ಕೈಗೆ ಅಭ್ಯಾಸ ತಪ್ಪಿರಬಾರದು. ಸರಿಯಾಗಿ ಇದೇ ವಯಸ್ಸಿನಲ್ಲಿ ನಾವು ಅಭ್ಯಾಸ ತಪ್ಪಿಸುತ್ತೇವೆ.

ಹದಿನೇಳರ ವಯಸ್ಸಿನ ಬರಹವನ್ನು, ಚಿತ್ರವನ್ನು ಹಿರಿಯರು ಹೇಗೆ ನೋಡಬೇಕು ಎಂಬುದಕ್ಕೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಪ್ರಸಂಗವಿದೆ. ಕುವೆಂಪು ಮೈಸೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಪುಟ್ಟ ಸಂಕಲನ 1922ರಲ್ಲಿ ಬಂತು. 1904ರ ಡಿಸೆಂಬರಿನಲ್ಲಿ ಹುಟ್ಟಿದವರು, ಆಗ ಅವರಿಗೆ ಹದಿನೇಳೋ ಹದಿನೆಂಟೋ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಕವಿತೆ ತೋರಿಸಿದಾಗ, ನಿನ್ನ ಭಾಷೆಯಲ್ಲಿ ಏಕೆ ಬರೆಯುವುದಿಲ್ಲ ಎಂದು ಅವರು ಕೇಳಿದ ಕತೆಯನ್ನು ನಾವು ಭಾಷಾಭಿಮಾನದ ಪಾಠವಾಗಿ ಹೇಳುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಬೇರೆಯೇ. ಹೆಸರುವಾಸಿ ಕವಿಯೊಬ್ಬರು ಒಬ್ಬ ವಿದ್ಯಾರ್ಥಿಯ ಕವಿತೆಗಳನ್ನು ಕೂತು ಓದಿದರು. ಭೇಷ್ ಎಂದು ಬೆನ್ನು ತಟ್ಟಿ ಕಳಿಸಬಹುದಿತ್ತು, ಮೊದಲು ಪರೀಕ್ಷೆಗೆ ಓದಿಕೋ ಎನ್ನಬಹುದಿತ್ತು. ಅವರು ಓದಿ, ಒಂದು ಮೂಲಭೂತ ಪ್ರಶ್ನೆ ಕೇಳಿದರು. ದೊಡ್ಡವರ ಬರವಣಿಗೆಗೆ ಕೇಳುವಂಥ ಪ್ರಶ್ನೆಯನ್ನೇ ಕೇಳಿದರು. ಹುಡುಗನಿಗೆ ಆ ಕ್ಷಣಕ್ಕೆ ನೋವಾಗಿರಲೂಬಹುದು. ಆದರೆ ತಾನು ಬರೆದದ್ದನ್ನು ಒಬ್ಬರು ಗಂಭೀರವಾಗಿ ತೆಗೆದುಕೊಂಡರು ಎಂಬ ಅರಿವು ಆ ವಯಸ್ಸಿನವರಿಗೆ ಎಷ್ಟು ದೊಡ್ಡದು!

ಕುದೂರಿನಲ್ಲಿ ಕಸಿನ್ಸ್ ಇಲ್ಲದಿದ್ದರೆ ಇಲ್ಲ. ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದರೆ ಸಾಕಾಗುತ್ತದೆ. ಎಲ್ಲ ಪ್ರೌಢಶಾಲೆಗಳಲ್ಲೂ ಅವರಿಲ್ಲ. ಇದ್ದ ಕಡೆ ಮಕ್ಕಳು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟುತ್ತಾರೆ, ಪ್ರತಿಭಾ ಕಾರಂಜಿಗೆ ಹೋಗುತ್ತಾರೆ, ಬಣ್ಣ ಬೆರೆಸುವುದನ್ನು ಕಲಿಯುತ್ತಾರೆ. ಆದರೆ ಹತ್ತನೇ ತರಗತಿಯ ದ್ವಿತೀಯಾರ್ಧ ಬಂತೆಂದರೆ ವೇಳಾಪಟ್ಟಿಯಲ್ಲಿರುವ ಚಿತ್ರಕಲೆಯ ಪಿರಿಯಡ್ಡಿಗೆ ಗಣಿತವೋ ವಿಜ್ಞಾನವೋ ಬಂದು ಕೂರುತ್ತದೆ. 625 ಅಂಕಗಳಲ್ಲಿ ಚಿತ್ರಕ್ಕೆ ಒಂದೂ ಇಲ್ಲವಲ್ಲ! ಪಿಯುಗೆ ಬಂದರೆ ಆ ಪಿರಿಯಡ್ಡೇ ಇಲ್ಲ. ದ್ವಿತೀಯ ಪಿಯುನ 600 ಅಂಕ, ಅದರ ಮೇಲೆ ಸಿಇಟಿಯ ರ್‍ಯಾಂಕು. ಫಲಿತಾಂಶದ ಒತ್ತಡ ಶಿಕ್ಷಕರ ಮೇಲೂ ಇದೆ, ನಾನೂ ಆ ಒತ್ತಡದಲ್ಲೇ ಕೆಲಸ ಮಾಡಿದವಳು. ಆದರೂ ಹೇಳುತ್ತೇನೆ, ವಾರಕ್ಕೊಂದು ಗಂಟೆ ಚಿತ್ರ ಬರೆದು ಫೇಲಾದ ಮಗುವನ್ನು ನನ್ನ ಸೇವೆಯಲ್ಲಿ ಕಂಡಿಲ್ಲ. ಮನಸ್ಸು ಬತ್ತಿ ಪುಸ್ತಕದ ಮುಂದೆ ಸುಮ್ಮನೆ ಕೂತ ಮಕ್ಕಳನ್ನು ಬಹಳ ಕಂಡಿದ್ದೇನೆ.

ಹೆತ್ತವರ ಅಂಜಿಕೆಯನ್ನು ನಾನು ಹಗುರವಾಗಿ ನೋಡುವವಳಲ್ಲ. ರಾಗಿ, ಮಾವು, ಒಂದಿಷ್ಟು ಹಿಪ್ಪುನೇರಳೆ ನಂಬಿ ಮಕ್ಕಳನ್ನು ಓದಿಸುವವರು ಅವರು. ಮಗಳು ನರ್ಸಿಂಗೋ ಬಿ.ಕಾಮ್ಮೋ ಎಂಜಿನಿಯರಿಂಗೋ ಮಾಡಿದರೆ ಒಂದು ಸಂಬಳ ಖಚಿತ ಎಂಬ ಲೆಕ್ಕದಲ್ಲಿ ತಪ್ಪೇನಿದೆ? ‘ಚಿತ್ರ ಅನ್ನ ಹಾಕ್ತದಾ ಮೇಡಮ್ನೋರೆ?’ ಎಂದು ಆ ಹುಡುಗಿಯ ತಂದೆ ಕೇಳಿದಾಗ ನನ್ನ ಬಳಿ ಹೌದು ಎಂಬ ಸುಲಭದ ಉತ್ತರ ಇರಲಿಲ್ಲ. ಚನ್ನಪಟ್ಟಣವನ್ನು ತೋರಿಸಬಹುದಿತ್ತು. ಹಾಲೆ ಮರವನ್ನು ಕಡೆದು, ತಿರುಗುವ ಮರದ ಮೇಲೆ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಮಿರುಗು ಬರಿಸುವ ಕಸುಬು ಅಲ್ಲಿ ತಲೆತಲಾಂತರದಿಂದ ಸಂಸಾರಗಳನ್ನು ಸಾಕಿದೆ. ಆ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದಾಗ ಅದೇ ಸಂಸಾರಗಳು ಪಟ್ಟ ಕಷ್ಟವನ್ನು ಮುಚ್ಚಿಟ್ಟು ಚನ್ನಪಟ್ಟಣದ ಹೆಸರು ಹೇಳುವುದು ಸರಿಯಲ್ಲ.

ಅದಕ್ಕೆ ಬದಲು ನಾನು ಎಚ್.ಎಲ್. ನಾಗೇಗೌಡರ ಮಾತು ತೆಗೆದೆ. ರಾಮನಗರದ ಹತ್ತಿರ ಮೈಸೂರು ರಸ್ತೆಯಲ್ಲಿರುವ ಜಾನಪದ ಲೋಕವನ್ನು ಶಾಲೆಯ ಪ್ರವಾಸದಲ್ಲಿ ನಮ್ಮ ಮಕ್ಕಳೆಲ್ಲ ನೋಡಿರುತ್ತಾರೆ. ಅದನ್ನು ಕಟ್ಟಿದವರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದವರು. ನಾಗಮಂಗಲ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ದುಡಿಯುತ್ತಲೇ ಕಾದಂಬರಿ ಬರೆದರು, ಜನಪದ ಗೀತೆ ಸಂಗ್ರಹಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಜಾನಪದ ಲೋಕ ಉದ್ಘಾಟನೆಯಾದದ್ದು 1994ರಲ್ಲಿ, ಅವರಿಗೆ ಎಂಬತ್ತರ ಹತ್ತಿರ. ಕಡತಕ್ಕೆ ಸಹಿ ಹಾಕುವ ಕೈ ಹಾಡನ್ನೂ ಬರೆದುಕೊಳ್ಳುತ್ತಿತ್ತು. ಸಂಬಳದ ಕೆಲಸ ಬೇಕೆನ್ನುವ ತಂದೆಗೂ ಚಿತ್ರ ಬೇಕೆನ್ನುವ ಮಗಳಿಗೂ ಅವರು ಏಕಕಾಲಕ್ಕೆ ಅರ್ಥವಾಗುತ್ತಾರೆ. ಚಿತ್ರವನ್ನೇ ಓದಬೇಕೆಂದರೆ ಅದಕ್ಕೂ ದಾರಿಯಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರಿನ ‘ಕಾವಾ’ ಕಲಾ ಕಾಲೇಜಿನಲ್ಲಿ ಪಿಯು ಆದ ಮೇಲೆ ದೃಶ್ಯಕಲೆಯ ಪದವಿ ಇದೆ. ಹುಡುಗಿಗೆ ಇದು ಗೊತ್ತೇ ಇರಲಿಲ್ಲ. ಕಾಲೇಜಿನಲ್ಲಿ ಆಕೆಗೆ ತೋರಿಸಿದ ಪಟ್ಟಿಯಲ್ಲಿ ಆ ಹೆಸರುಗಳಿರಲಿಲ್ಲ.

ಅಂಕಪಟ್ಟಿ ಬಂದ ದಿನ ಬಾಳಿನ ದಾರಿ ಖಾಯಂ ಆಗುತ್ತದೆ ಎಂದು ಹದಿನೇಳರವರು ನಂಬಿರುತ್ತಾರೆ. ನಾವೇ ನಂಬಿಸಿದ್ದೇವೆ. ಇದೇ ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ಹುಡುಗ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಊರೂರು ತಿರುಗಿ ಓದಿ, 1926ರಲ್ಲಿ ಮೆಟ್ರಿಕ್ ಮುಗಿಸಿದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ ಓದುತ್ತಿದ್ದ. 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಬೇಕಿದ್ದವರು ಹಠಾತ್ತನೆ ತೀರಿಕೊಂಡಾಗ ಗುರುಗಳ ಕಣ್ಣು ಈ ವಿದ್ಯಾರ್ಥಿಯ ಮೇಲೆ ಬಿತ್ತು. ಶಿವಕುಮಾರ ಸ್ವಾಮಿಗಳಾಗಿ ಅವರು ಎಷ್ಟು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು ಎಂಬುದು ನಾಡಿಗೆ ಗೊತ್ತು. ಮೆಟ್ರಿಕ್ ಫಲಿತಾಂಶ ನೋಡುತ್ತ ನಿಂತ ದಿನ ಆ ಹುಡುಗನಿಗೆ ಅದರ ಸುಳಿವೂ ಇದ್ದಿರಲಾರದು. ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಹೆಸರಾಗಿ ಬಂದ ಮೇಲೆ ವೀಣೆ ಶೇಷಣ್ಣನವರ ಮುಂದೆ ಶಿಷ್ಯರಾಗಿ ಕೂತು ವೀಣೆ ಹಿಡಿದರು. ಕಲಿಕೆಗೆ ಕೊನೆಯ ದಿನಾಂಕ ಇಲ್ಲದಿರುವಾಗ, ಕಲಿಯುವ ಮನಸ್ಸಿನ ಮಗುವಿಗೆ ಈಗಲೇ ಎಲ್ಲ ತೀರ್ಮಾನವಾಗಬೇಕೆಂದು ಅವಸರ ಮಾಡುವುದೇಕೆ?

ಹುಡುಗಿ ಸಿಇಟಿ ಬರೆಯುತ್ತಾಳೆ. ದೃಶ್ಯಕಲೆಗೂ ಅರ್ಜಿ ಹಾಕಲಿ ಎಂದು ತಾಯಿ ಒಪ್ಪಿದ್ದಾರೆ, ತಂದೆ ಇನ್ನೂ ಯೋಚಿಸುತ್ತಿದ್ದಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಭಾನುವಾರದ ಒಂದು ಗಂಟೆಯನ್ನು ಮಾತ್ರ ಬಿಡುವುದಿಲ್ಲವೆಂದು ಆಕೆ ಹೇಳಿದ್ದಾಳೆ.

ಕುದೂರಿನವರಲ್ಲಿ ನನ್ನದೊಂದು ಬೇಡಿಕೆಯಿದೆ. ನವೆಂಬರ್ 14 ಮಕ್ಕಳ ದಿನಾಚರಣೆ. ತಿಮ್ಮಕ್ಕನವರು ತೀರಿಕೊಂಡ ದಿನವೂ ಅದೇ. ಪ್ರತಿ ವರ್ಷ ಆ ದಿನ ಹೈಸ್ಕೂಲು, ಪಿಯು ಮಕ್ಕಳ ಚಿತ್ರ, ಬರಹ, ಮಣ್ಣಿನ ಕೆಲಸ ಎಲ್ಲವನ್ನೂ ಊರಿನಲ್ಲಿ ಒಂದು ಕಡೆ ಇಡೋಣ. ಸ್ಪರ್ಧೆ ಬೇಡ, ಬಹುಮಾನ ಬೇಡ, ಮುಖ್ಯ ಅತಿಥಿಗಳ ಭಾಷಣ ಬೇಡ. ಮಾಡಿದ ಮಗು ತನ್ನ ಕೆಲಸದ ಪಕ್ಕದಲ್ಲಿ ನಿಂತಿರಲಿ. ಬಂದವರು ಚೆನ್ನಾಗಿದೆ ಎಂದು ಮುಂದೆ ಹೋಗದೆ ನಿಂತು ನೋಡಲಿ, ಇದನ್ನು ಹೀಗೇಕೆ ಮಾಡಿದೆ ಎಂದು ಕೇಳಲಿ, ಮಗು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಲಿ. ಪಂಚಾಯಿತಿಯವರು ಜಾಗ ಕೊಡಬಹುದು. ಶಾಮಿಯಾನಕ್ಕೂ ಬೆಂಚಿಗೂ ನಾಟಕದವರನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾರೆ. ಪರೀಕ್ಷೆಗೆ ಅದು ಅಡ್ಡಿಯಾಗುವುದಿಲ್ಲ, ನವೆಂಬರಿನಿಂದ ಮಾರ್ಚಿಗೆ ಬೇಕಾದಷ್ಟು ಸಮಯವಿದೆ. ಈ ವರ್ಷದ ದ್ವಿತೀಯ ಪಿಯು ಮಕ್ಕಳು ಅಷ್ಟು ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿರುತ್ತಾರೆ. ಅವರಿಗೂ ಹೇಳಿ ಕಳಿಸೋಣ, ಒಂದು ದಿನದ ಮಟ್ಟಿಗೆ ಬಂದು ಹೋಗಲಿ. ಅಟ್ಟದ ಮೇಲಿರುವುದನ್ನು ಇಳಿಸಿಕೊಂಡೇ ಬರಲಿ.